ಅಮ್ಮನ ಕೈ ಸೋಕಬಾರದ ಬೆನ್ನು

ನನ್ನ ಬೆನ್ನಿನ ಮೇಲೊಂದು ಕೆಂಪು ಮಚ್ಚೆ ಇದೆ. ಸೊಂಟಕ್ಕಿಂತ ತುಸು ಮೇಲೆ, ಬೆನ್ನುಮೂಳೆಯ ಹತ್ತಿರ ಶುರುವಾಗಿ ಎಡಪಕ್ಕೆಯ ತನಕ ಹರಡಿಕೊಂಡಿದೆ. ಹುಟ್ಟಿದಾಗಿನಿಂದ ಜೊತೆಗಿದ್ದರೂ ಅದನ್ನು ನಾನು ಸರಿಯಾಗಿ ಕಂಡದ್ದು ದೊಡ್ಡವಳಾದ ಮೇಲೆ, ಎರಡು ಕನ್ನಡಿಗಳ ನಡುವೆ ಕತ್ತು ತಿರುಚಿಕೊಂಡು ನಿಂತಾಗ. ಅಲ್ಲಿಯವರೆಗೆ ಅದರ ಬಗ್ಗೆ ಬರೀ ಕೇಳಿ ತಿಳಿದಿದ್ದೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅದರ ಮಾತು ಬರದ ವಾರವಿರಲಿಲ್ಲ, ಆದರೆ ಬೀದಿ ಬಾಗಿಲು ಮುಚ್ಚಿದ ಮೇಲಷ್ಟೇ. ಅದಕ್ಕೆ ಐದು ಬೆರಳಿವೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಎಷ್ಟು ಹುಡುಕಿದರೂ ಬೆರಳು ಕಾಣಲಿಲ್ಲ. ಬೀಟ್‌ರೂಟ್ ಪಲ್ಯದ ನೀರು ಬಿಳಿ ಪಂಚೆಯ ಮೇಲೆ ಚೆಲ್ಲಿದ ಹಾಗಿತ್ತು, ಅಷ್ಟೇ. ಅದರಲ್ಲಿ ಒಂದು ಕೈಯನ್ನೂ, ಆ ಕೈಯಲ್ಲಿ ಒಂದು ತಪ್ಪನ್ನೂ ಅಜ್ಜಿ ಅಷ್ಟು ವರ್ಷ ಹೇಗೆ ಕಂಡಳೋ ಎಂದು ಈಗಲೂ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಅಪ್ಪ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮದುವೆ ಕಾಲ ಬಂತೆಂದರೆ ಅಂಗಡಿಯ ಅರ್ಧ ಕೆಲಸ ಅವನ ಸೈಕಲ್ ಹತ್ತಿ ಮನೆಗೆ ಬರುತ್ತಿತ್ತು. ಮನೆ ಎಂದರೆ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ: ಮುಂದೆ ಹಜಾರ, ನಡುವೆ ಕಿಟಕಿಯೊಂದೇ ಇದ್ದ ನಡುಮನೆ, ಹಿಂದೆ ಅಡುಗೆಮನೆ. ಅದರಾಚೆ ಕಲ್ಲು ಹಾಸಿದ ಬಚ್ಚಲು. ಸಂಜೆಯ ಕಾಫಿ ಮುಗಿದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. ಅಪ್ಪ ಬಿದಿರು ಪಟ್ಟಿಯಿಂದ ಪತ್ರಿಕೆಯ ಮಡಿಕೆ ತೀಡುವುದು, ಅಮ್ಮ ಒಳಹಾಳೆ ಸೇರಿಸಿ ಜರಿ ದಾರದ ಗೊಂಡೆ ಕಟ್ಟುವುದು, ನಾನು ಲಕೋಟೆಗೆ ತುಂಬುವುದು. ಅಜ್ಜಿ ಮೂಲೆಗಳಿಗೆ ಅರಿಶಿನ ಹಚ್ಚುತ್ತಾ ಪ್ರತಿ ಮದುವೆಯನ್ನೂ ಗಟ್ಟಿಯಾಗಿ ಓದಿ ತೀರ್ಪು ಕೊಡುತ್ತಿದ್ದಳು.

"ಹುಡುಗ ಇಂಜಿನಿಯರಂತೆ, ಹುಡುಗಿ ಬರೀ ಪಿಯುಸಿ. ಬಣ್ಣ ಇರ್ಬೇಕು ಬಿಡು," ಎನ್ನುವಳು. ಇನ್ನೊಂದು ಪತ್ರಿಕೆ ಎತ್ತಿಕೊಂಡು, "ಇದ್ಯಾಕೆ ಛತ್ರ ಬಿಟ್ಟು ದೇವಸ್ಥಾನದಲ್ಲಿ ಮಾಡ್ತಿದಾರೆ? ಏನೋ ಇದೆ," ಎಂದು ಮೂಗಿನ ಮೇಲೆ ಬೆರಳಿಡುವಳು. ಆಮೇಲೆ ಅವಳ ಕಣ್ಣು ನನ್ನ ಕಡೆ ತಿರುಗುತ್ತಿತ್ತು. "ನಮ್ ಸರೂಗೆ ಮಾತ್ರ ಬೆನ್ನು ಕಾಣೋ ರವಿಕೆ ಹೊಲಿಸ್ಬಾರ್ದಪ್ಪ."

ಅಷ್ಟು ಮಾತಿಗೆ ಅಮ್ಮನ ಬೆರಳು ಗೊಂಡೆಯ ಗಂಟಿನಲ್ಲಿ ನಿಂತುಬಿಡುತ್ತಿತ್ತು. ಅಪ್ಪ ಪಟ್ಟಿಯಿಂದ ಮಡಿಕೆಯನ್ನು ಇನ್ನಷ್ಟು ಜೋರಾಗಿ ತೀಡುತ್ತಿದ್ದ. ಜಗಳವಾಗುವ ಸೂಚನೆ ಕಂಡರೆ ಅಪ್ಪ ಹಾಳೆಗಳ ಜೊತೆ ಬಹಳ ಆತ್ಮೀಯವಾಗಿಬಿಡುತ್ತಿದ್ದ.

ಮಚ್ಚೆಯ ಕಥೆ ನನಗೆ ಅಕ್ಷರ ಕಲಿಯುವ ಮೊದಲೇ ಬಾಯಿಪಾಠವಾಗಿತ್ತು. ಅಮ್ಮನ ಹೊಟ್ಟೆಯಲ್ಲಿ ನಾನು ಏಳು ತಿಂಗಳ ಕೂಸಾಗಿದ್ದಾಗ ಗ್ರಹಣ ಬಂತು. ಬಸುರಿ ಹೆಂಗಸು ಗ್ರಹಣ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗಬೇಕು, ಏನನ್ನೂ ಹೆಚ್ಚಬಾರದು, ಮೈ ಕೆರೆದುಕೊಳ್ಳಬಾರದು, ಎಲ್ಲಿ ಕೈಯಿಟ್ಟರೆ ಮಗುವಿಗೆ ಅಲ್ಲೇ ಮಚ್ಚೆ ಮೂಡುತ್ತದೆ ಎಂಬ ನಂಬಿಕೆ ಆ ಬೀದಿಯ ಎಲ್ಲ ಮನೆಗಳಲ್ಲೂ ಇತ್ತು. ನಮ್ಮ ಮನೆಯಲ್ಲಿ ಅದಕ್ಕೆ ವಿಶೇಷ ತಯಾರಿ. ನಡುಮನೆಯ ಕಿಟಕಿಗೆ ಅಪ್ಪ ತಪ್ಪು ಅಚ್ಚಾಗಿದ್ದ ಲಗ್ನಪತ್ರಿಕೆಗಳನ್ನು ಒಂದರ ಪಕ್ಕ ಒಂದು ಅಂಟಿಸಿದನಂತೆ. ಅಷ್ಟೊಂದು ಗಣಪತಿಗಳ ಕಾವಲಿನಲ್ಲಿ ಅಮ್ಮ ಒಳಗೆ ಮಲಗಿದ್ದಳು. ನಡುವೆ ಅಜ್ಜಿ ಬಾಗಿಲು ಸರಿಸಿ ನೋಡಿದರೆ, ಅಮ್ಮ ಎದ್ದು ಕೂತು ಸೊಂಟದ ಹಿಂದೆ ಅಂಗೈ ಒತ್ತಿಕೊಂಡಿದ್ದಾಳೆ! ನಾನು ಹುಟ್ಟಿದಾಗ ಅದೇ ಜಾಗದಲ್ಲಿ ಕೆಂಪು. ಇನ್ನು ವಿಚಾರಣೆಗೆ ಏನು ಉಳಿಯಿತು?

ತೀರ್ಪಿನ ಜೊತೆ ಅಜ್ಜಿ ಒಂದು ಕಟ್ಟಳೆಯನ್ನೂ ಮಾಡಿದಳು. ಯಾವ ಕೈಯಿಂದ ಮಚ್ಚೆ ಬಂತೋ ಆ ಕೈ ಮತ್ತೆ ಅದನ್ನು ಮುಟ್ಟಬಾರದು, ಮುಟ್ಟಿದರೆ ಬೆಳೆಯುತ್ತದೆ. ಇದು ಯಾವ ಶಾಸ್ತ್ರದಲ್ಲೂ ಇರಲಾರದು. ನಮ್ಮ ಅಜ್ಜಿಯ ಸ್ವಂತ ಶಾಸ್ತ್ರ. ಆದರೆ ಮನೆಯಲ್ಲಿ ಅದು ನಡೆಯಿತು. ಅಮ್ಮ ನನಗೆ ತಲೆ ಬಾಚುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು, ತುತ್ತು ಮಾಡಿ ಕೊಡುತ್ತಿದ್ದಳು. ನನ್ನ ಬೆನ್ನು ಮಾತ್ರ ಅಜ್ಜಿಯದು. ಶುಕ್ರವಾರದ ಎಣ್ಣೆ ನೀರಿಗೆ ಅಜ್ಜಿಯೇ ಸೀರೆ ಎತ್ತಿ ಕಟ್ಟಿಕೊಂಡು ಬಚ್ಚಲಿಗೆ ಬರುತ್ತಿದ್ದಳು. ಹರಳೆಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಮಚ್ಚೆಯ ಸುತ್ತ ಎಷ್ಟು ಹಗುರವಾಗಿ ಸವರುತ್ತಿದ್ದಳೆಂದರೆ, ಅಷ್ಟು ಗಟ್ಟಿ ಬಾಯಿಯ ಹೆಂಗಸಿಗೆ ಅಷ್ಟು ಮೆತ್ತಗಿನ ಕೈ ಹೇಗೆ ಬಂತೋ. "ಕಡಮೆ ಆಗ್ತಿದೆ ಕಣೇ ಪುಟ್ಟೀ, ಹೋದ ವಾರಕ್ಕಿಂತ ಬಣ್ಣ ಇಳಿದಿದೆ," ಎಂದು ಪ್ರತಿ ಶುಕ್ರವಾರವೂ ಸುಳ್ಳು ಹೇಳುತ್ತಿದ್ದಳು. ಬಾಗಿಲಾಚೆ ಅಮ್ಮ ಟವೆಲ್ ಹಿಡಿದು ನಿಂತಿರುತ್ತಿದ್ದಳು. ಅಜ್ಜಿ ನನಗೆ ಲಂಗ ಏರಿಸಿ, ಜಂಪರಿನ ಹಿಂದಿನ ಗುಂಡಿಗಳನ್ನೆಲ್ಲ ಹಾಕಿದ ಮೇಲೆಯೇ ನಾನು ಅಮ್ಮನ ಕೈಗೆ ಬರುತ್ತಿದ್ದದ್ದು.

ಅಜ್ಜಿ ಕೆಟ್ಟವಳೇನಲ್ಲ. ಇದನ್ನು ಓದುವವರು ಹಾಗೆ ಅಂದುಕೊಂಡರೆ ನನಗೆ ಬೇಸರವಾಗುತ್ತದೆ. ಮಾರ್ಕೆಟ್ಟಿನಿಂದ ಹೂ ತಂದರೆ ಮೊದಲ ಮೊಳ ಅಮ್ಮನ ಜಡೆಗೇ ಇಡುತ್ತಿದ್ದಳು. ಅಮ್ಮನಿಗೆ ಜ್ವರ ಬಂದರೆ ಮೆಣಸಿನ ಸಾರು ಮಾಡಿ ಪಕ್ಕದಲ್ಲೇ ಕೂತು ಊಟ ಮಾಡಿಸುತ್ತಿದ್ದಳು. ಆದರೆ ಮಚ್ಚೆಯ ವಿಷಯ ಬಂದರೆ ಮಾತ್ರ ಅವಳ ಗಂಟಲೇ ಬೇರೆ. ಅಮ್ಮ ಎದುರುತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಅವಳೂ ಅದನ್ನು ನಂಬಿಬಿಟ್ಟಿದ್ದಳು. ಮಧ್ಯಾಹ್ನ ಅಜ್ಜಿ ಹಜಾರದಲ್ಲಿ ಗೊರಕೆ ಹೊಡೆಯುವಾಗ, ನಡುಮನೆಯಲ್ಲಿ ಬೋರಲಾಗಿ ಮಲಗಿದ ನನ್ನ ಜಂಪರಿನ ಮೇಲಿಂದಲೇ ಯಾರೋ ಅಂಗೈ ಇಟ್ಟ ಹಾಗೆ ಅರೆನಿದ್ದೆಯಲ್ಲಿ ಅನ್ನಿಸುತ್ತಿತ್ತು. ಕಣ್ಣು ಬಿಟ್ಟರೆ ಅಮ್ಮ ದೂರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು.

ಈಗ ನನ್ನ ಕಾಲಿನ ಸಮಾಚಾರಕ್ಕೆ ಬರುತ್ತೇನೆ. ಪತ್ರಿಕೆ ಕೆಲಸದ ಮನೆಯಲ್ಲಿ ಜೋಮು ಎಂಬುದು ಕಾಯಿಲೆಯಲ್ಲ, ಸಂಜೆಯ ತಮಾಷೆ. ಗಂಟೆಗಟ್ಟಲೆ ನೆಲದ ಮೇಲೆ ಕೂತು ಎದ್ದಾಗ ಎಲ್ಲರ ಕಾಲೂ ಜೋಮು ಹಿಡಿದಿರುತ್ತಿತ್ತು. ಅಪ್ಪ ಗೋಡೆ ಹಿಡಿದು ಕುಂಟುತ್ತಾ "ಅಯ್ಯಯ್ಯೋ" ಎನ್ನುತ್ತಿದ್ದ. ಅಜ್ಜಿ ಪಾದವನ್ನು ಪಟಪಟ ಬಡಿದುಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ, "ಹೋಗು ಹೋಗು" ಎಂದು ಜೋಮನ್ನು ಓಡಿಸುತ್ತಿದ್ದಳು. ಹಾಗಾಗಿ ನನ್ನ ಎಡಗಾಲು ಜೋಮು ಹಿಡಿದಿದೆ ಎಂದು ನಾನು ಹೇಳಿದಾಗ ಎಲ್ಲರೂ ನಕ್ಕರು.

"ಕೆಲ್ಸ ಕಲಿತ್ಲು ನಿನ್ ಮಗಳು," ಎಂದಳು ಅಜ್ಜಿ ಅಪ್ಪನಿಗೆ.

ನಾನೂ ಹೆಮ್ಮೆಯಿಂದ ನಕ್ಕೆ. ಎಲ್ಲರ ಜೋಮು ಕಾಫಿ ಲೋಟ ತೊಳೆಯುವಷ್ಟರಲ್ಲಿ ಬಿಡುತ್ತದೆ, ನನ್ನದು ಬೆಳಗ್ಗೆಯೂ ಇರುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಎಲ್ಲರಿಗೂ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಬೆನ್ನಿನ ಕೆಳಗೆ ಒಂದು ನೋವು ಬಂದು ಹೋಗುತ್ತಿತ್ತು. ಅದಕ್ಕೂ ಕಾರಣ ಸಿದ್ಧವಿತ್ತು: ಬಗ್ಗಿ ಕೂತು ಲಕೋಟೆ ತುಂಬುತ್ತೀಯಲ್ಲ, ನೆಟ್ಟಗೆ ಕೂತುಕೋ. ನಮ್ಮ ಕಸುಬೇ ನನ್ನ ಕಾಯಿಲೆಗೆ ಅಷ್ಟು ಚೆನ್ನಾಗಿ ಮರೆಯಾಗಿ ನಿಂತುಬಿಟ್ಟಿತು.

ಒಂದು ದಿನ ಅಜ್ಜಿಯ ಜೊತೆ ಕೃಷ್ಣರಾಜ ಮಾರುಕಟ್ಟೆಗೆ ಹೂ ತರಲು ಹೋಗಿದ್ದೆ. ತಲೆಹೊರೆಯವರ "ಸೈಡ್ ಸೈಡ್" ಕೂಗಿನ ನಡುವೆ, ಕೊಳೆತ ಸೇವಂತಿಗೆಯ ಕೆಸರು ತುಳಿದುಕೊಂಡು ಮನೆಗೆ ಬಂದೆವು. ಮೆಟ್ಟಿಲ ಮೇಲೆ ಅಮ್ಮ ನನ್ನ ಕಾಲು ನೋಡಿ ನಿಂತಳು. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಪಾದದ ಪಕ್ಕ ಗಾಜು ಕೊಯ್ದು ರಕ್ತ ಮೆತ್ತಿಕೊಂಡಿತ್ತು.

"ಚಪ್ಪಲಿ ಎಲ್ಲೇ ಸರೂ?"

ನಾನು ಬಗ್ಗಿ ನೋಡಿಕೊಂಡೆ. ನನಗೆ ಗೊತ್ತಿರಲಿಲ್ಲ.

"ಹೊಸ ಹವಾಯಿ ಚಪ್ಪಲಿ! ಗಮನ ಎಲ್ಲಿತ್ತು ನಿಂಗೆ?" ಎಂದು ಅಜ್ಜಿ ಬೈಯತೊಡಗಿದಳು. ಅಮ್ಮ ಚಪ್ಪಲಿಯ ಮಾತೇ ಎತ್ತಲಿಲ್ಲ. ನೀರು ತಂದು ಗಾಯ ತೊಳೆದಳು, ನನ್ನ ಮುಖವನ್ನೇ ನೋಡುತ್ತಾ ಟಿಂಚರ್ ಹಚ್ಚಿದಳು. ಟಿಂಚರ್ ಬಾಟಲಿ ಕಂಡರೆ ಬೀದಿ ಕೇಳುವ ಹಾಗೆ ಕಿರುಚುತ್ತಿದ್ದ ನಾನು ಆವತ್ತು ಸುಮ್ಮನೆ ಕೂತಿದ್ದೆ. ಅಮ್ಮನ ಮುಖ ಬಿಳಿಚಿಕೊಂಡಿತು.

"ಇದು ಜೋಮಲ್ಲ ರೀ," ಎಂದಳು ಆ ಸಂಜೆ ಅಪ್ಪನಿಗೆ.

ಬೀದಿಯ ತುದಿಯ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರು, ನಮ್ಮ ಮನೆಯವರ ಎಲ್ಲ ಕೆಮ್ಮನ್ನೂ ಬಲ್ಲವರು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಅಜ್ಜಿಯೇ ಹೊರಟಳು. ಹೊರಡುವ ಮುಂಚೆ ನನ್ನ ಜಂಪರಿನ ಗುಂಡಿಗಳ ಮೇಲೆ ಎರಡು ಪಿನ್ನು ಬೇರೆ ಹಾಕಿದಳು. ಡಾಕ್ಟರು ಮಂಡಿ ತಟ್ಟಿದರು, ಪಾದ ತಿರುಗಿಸಿದರು, ಮಲಗಿಸಿ ಬೆನ್ನು ನೋಡಬೇಕು ಎಂದರು.

"ಕಾಲು ನೋಡಿ ಡಾಕ್ಟ್ರೇ, ಸಾಕು. ಬೆನ್ನಿಗೇನಾಗಿಲ್ಲ. ಹೆಣ್ಣುಮಗು," ಎಂದಳು ಅಜ್ಜಿ.

ಅವರು ಒತ್ತಾಯ ಮಾಡಲಿಲ್ಲ. ಸೂಜಿಮದ್ದು ಬರೆದರು, ಕೆಂಪು ಟಾನಿಕ್ ಬರೆದರು, ಇದರಲ್ಲಿ ಹೋಗದಿದ್ದರೆ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ಅಜ್ಜಿಯ ಮನಸ್ಸಿನಲ್ಲಿ ಲೆಕ್ಕ ಚೊಕ್ಕವಾಗಿತ್ತು. ಕಾಲು ಡಾಕ್ಟರಿಗೆ ಸೇರಿದ್ದು, ಮಚ್ಚೆ ದೇವರಿಗೆ ಸೇರಿದ್ದು. ಒಂದನ್ನು ಇನ್ನೊಬ್ಬರಿಗೆ ತೋರಿಸುವುದು ಎಂದರೆ ಕ್ಷೌರದವನ ಹತ್ತಿರ ಹೋಗಿ ಚಪ್ಪಲಿ ಹೊಲಿಸಿಕೊಂಡ ಹಾಗೆ. ಅವಳು ಬಸವನಗುಡಿಯ ಕಡೆ ಯಾವುದೋ ಅರಳಿಕಟ್ಟೆಯ ನಾಗರಕಲ್ಲಿಗೆ ಮಂಗಳವಾರ ಹಾಲೆರೆದು ಬರತೊಡಗಿದಳು. ನಾನು ಟಾನಿಕ್ ಕುಡಿದು ನಾಲಿಗೆ ಕೆಂಪು ಮಾಡಿಕೊಂಡು, ಗೋಡೆ ಹಿಡಿದು ಶಾಲೆಯ ಮೆಟ್ಟಿಲು ಹತ್ತತೊಡಗಿದೆ. ಕುಂಟೆಬಿಲ್ಲೆ ಆಟದಲ್ಲಿ ನನ್ನನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ಪತ್ರಿಕೆ ಕೆಲಸಕ್ಕೆ ಮಾತ್ರ ನಾನು ಎಲ್ಲರಿಗಿಂತ ಮುಂದೆ, ಏಕೆಂದರೆ ಕೂತಲ್ಲಿಂದ ಏಳುತ್ತಲೇ ಇರಲಿಲ್ಲ.

ಆ ದಿನಗಳಲ್ಲಿ ಅಡುಗೆಮನೆಯಲ್ಲಿ ಒಂದು ಜಗಳವಾಯಿತು. ಸಣ್ಣ ದನಿಯಲ್ಲೇ ನಡೆದರೂ ನಡುಮನೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು.

"ಅತ್ತೆ, ಅವಳ ಬೆನ್ನೂ ಒಂದ್ಸಲ ತೋರ್ಸೋಣ."

"ತೋರ್ಸಿ? ಮದ್ವೆ ಆಗ್ಬೇಕಾದ ಹುಡುಗಿ ಮೈ ಊರಿಗೆಲ್ಲ ತೋರ್ಸ್ಕೊಂಡ್ ಬರೋಣ ಅಂತೀಯಾ? ಮಾಡಿದ್ದು ಸಾಲ್ದಾ ನೀನು?"

ಅಮ್ಮ ಒಲೆಯ ಕಡೆ ತಿರುಗಿದಳು. ಒಗ್ಗರಣೆ ಚಟಪಟ ಎಂದಿತು. ಆ ಮಧ್ಯಾಹ್ನದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಯಾರೂ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡ.

ಆಮೇಲೆ ಒಂದು ಬೆಳಗ್ಗೆ ನನಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಎರಡು ಕಾಲೂ ಯಾರದೋ ಕಾಲುಗಳ ಹಾಗೆ ಬಿದ್ದುಕೊಂಡಿದ್ದವು. ಹಾಸಿಗೆ ಒದ್ದೆಯಾಗಿತ್ತು, ಅದು ನನಗೆ ತಿಳಿದೇ ಇರಲಿಲ್ಲ. ಐದನೇ ಕ್ಲಾಸಿನ ಹುಡುಗಿಗೆ ಕಾಲು ಹೋದ ಭಯಕ್ಕಿಂತ ಹಾಸಿಗೆ ಒದ್ದೆಯಾದ ನಾಚಿಕೆಯೇ ದೊಡ್ಡದು. ನಾನು ದುಪ್ಪಟಿ ಎಳೆದುಕೊಂಡು ಅಳತೊಡಗಿದೆ. ಅಪ್ಪ ನನ್ನನ್ನು ದುಪ್ಪಟಿಯ ಸಮೇತ ಎತ್ತಿಕೊಂಡ. ಅಷ್ಟು ಹೊತ್ತಿಗೆ ಅಮ್ಮ ಬೀದಿಗೆ ಓಡಿ ಆಟೋ ನಿಲ್ಲಿಸಿಯಾಗಿತ್ತು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅಜ್ಜಿಯೂ ಹತ್ತಿ ಕೂತಳು. ದಾರಿಯುದ್ದಕ್ಕೂ ಅವಳ ತುಟಿ ಜಪ ಮಾಡುತ್ತಿತ್ತು, ಕೈ ನನ್ನ ಜಂಪರಿನ ಗುಂಡಿಗಳನ್ನು ತಡವುತ್ತಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಒಬ್ಬ ಹೆಂಗಸು, ಕನ್ನಡಕದ ನರರೋಗ ಡಾಕ್ಟರು. ಸಣ್ಣ ಪಿನ್ನೊಂದನ್ನು ಹಿಡಿದು ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದರು. "ಗೊತ್ತಾಗತ್ತಾ?" ಎಂದರೆ ನಾನು ಇಲ್ಲ ಎನ್ನುವುದು. ಮೊಣಕಾಲು, ಇಲ್ಲ. ತೊಡೆ, ಇಲ್ಲ. ಹೊಕ್ಕುಳ ಹತ್ತಿರ ಬಂದಾಗ "ಹಾ!" ಎಂದು ಕಿರುಚಿದೆ. ಡಾಕ್ಟರು ಅಲ್ಲೇ ಪಿನ್ನು ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದರು.

"ಬೆನ್ನಿಗೆ ಏನಾದ್ರೂ ಪೆಟ್ಟಾಗಿತ್ತಾ? ಗಡ್ಡೆ, ಗಾಯ, ಹುಟ್ಟಿನಿಂದ ಏನಾದ್ರೂ?"

"ಏನೂ ಇಲ್ಲಮ್ಮ, ಬೆನ್ನು ಚೆನ್ನಾಗಿದೆ," ಎಂದಳು ಅಜ್ಜಿ.

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಆಗ ಮುಂದೆ ಬಂದಳು. ಅಜ್ಜಿಯನ್ನು ಪಕ್ಕಕ್ಕೆ ಸರಿಸಿದಳು. ಸರಿಸಿದಳು ಎಂದರೆ ನಿಜವಾಗಿಯೂ ತೋಳು ಹಿಡಿದು ಸರಿಸಿದಳು. ನನ್ನನ್ನು ಮಗ್ಗುಲಿಗೆ ಹೊರಳಿಸಿ, ಜಂಪರಿನ ಗುಂಡಿಗಳನ್ನು ಬಿಚ್ಚಿದಳು. ಕೊನೆಯದು ಬಿಚ್ಚಲಾಗದೆ ಕಿತ್ತೇ ಹಾಕಿದಳು. ತನ್ನ ಅಂಗೈಯನ್ನು ನೇರವಾಗಿ ಮಚ್ಚೆಯ ಮೇಲಿಟ್ಟಳು.

"ಇಲ್ಲಿದೆ ಡಾಕ್ಟ್ರೇ. ನನ್ನಿಂದ ಬಂದಿದ್ದು ಇದು. ಗ್ರಹಣದಲ್ಲಿ ನಾನು ಮುಟ್ಕೊಂಡೆ, ಇವಳಿಗೆ ಬಂತು. ಇದು ಬಿಸಿ ಇರತ್ತೆ. ಒಳಗೆ ಏನೋ ಮಿಡಿಯತ್ತೆ. ಕಾಲು ಜಾಸ್ತಿ ಎಳೆಯೋ ದಿನ ಇದೂ ಜಾಸ್ತಿ ಬಿಸಿಯಾಗತ್ತೆ. ಮಧ್ಯಾಹ್ನ ಇವಳು ಮಲಗಿದ್ದಾಗ ದಿನಾ ಕೈಯಿಟ್ಟು ನೋಡ್ತೀನಿ ನಾನು."

ಅಜ್ಜಿಯ ಬಾಯಿ ತೆರೆದುಕೊಂಡೇ ಇತ್ತು. ಅಷ್ಟು ವರ್ಷಗಳ ಅವಳ ಕಟ್ಟಳೆ ಅವಳದೇ ಮನೆಯಲ್ಲಿ, ಅವಳ ಗೊರಕೆಯ ಮರೆಯಲ್ಲಿ ದಿನವೂ ಮುರಿಯುತ್ತಿತ್ತೆಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ಡಾಕ್ಟರು ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಮಚ್ಚೆಯ ಮೇಲಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಮ್ಮನ ಭುಜ ಮುಟ್ಟಿ, "ನೀವು ಹೇಳಿದ್ದು ಒಳ್ಳೇದಾಯ್ತು. ಇದನ್ನ ಮೊದ್ಲು ನೋಡ್ಬೇಕು," ಎಂದು ಹೊರಗೆ ಯಾರನ್ನೋ ಕರೆದರು. ಕೋಣೆಯ ತುಂಬ ಓಡಾಟ ಶುರುವಾಯಿತು.

ನನ್ನನ್ನು ಗುಡುಗುಡು ಸದ್ದಿನ ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಮರುದಿನ ತೊಡೆಯ ರಕ್ತನಾಳದಿಂದ ಬಣ್ಣ ಬಿಟ್ಟು ಚಿತ್ರ ತೆಗೆದರು. ಬೆಳಕಿಗೆ ಹಿಡಿದ ಆ ಫಿಲ್ಮಿನಲ್ಲಿ ಬೆನ್ನುಹುರಿಯ ಮೇಲೆ, ಮಚ್ಚೆಯ ನೇರಕ್ಕೇ, ಸಿಕ್ಕುಬಿದ್ದ ದಾರದ ಉಂಡೆಯಂಥದೊಂದು ಕಂಡಿತು. ದಾರದ ಸಿಕ್ಕು ಬಿಡಿಸುವುದರಲ್ಲಿ ಪಳಗಿದ್ದ ಅಪ್ಪ ಅದನ್ನು ನೋಡಿ ತಲೆ ಹಿಡಿದುಕೊಂಡ. ಶುದ್ಧ ರಕ್ತದ ನಾಳ, ಕೆಟ್ಟ ರಕ್ತದ ನಾಳ ಎರಡೂ ನಡುವೆ ಬೇಲಿಯಿಲ್ಲದೆ ಕೂಡಿಕೊಂಡಿವೆ, ಉಬ್ಬಿ ಬೆನ್ನುಹುರಿಯನ್ನು ಒತ್ತುತ್ತಿವೆ, ಅದರಿಂದಲೇ ಕಾಲು ಹೋಗಿರುವುದು ಎಂದು ಡಾಕ್ಟರು ವಿವರಿಸಿದರು. ಸಣ್ಣ ಕೊಳವೆ ಕಳಿಸಿ ಆ ನಾಳಗಳೊಳಗೆ ಅಂಟು ತುಂಬಿ ಮುಚ್ಚುತ್ತೇವೆ, ಕಾಲು ಎಷ್ಟು ವಾಪಸ್ ಬರುತ್ತದೆಂದು ಈಗಲೇ ಮಾತು ಕೊಡಲಾರೆವು ಎಂದೂ ಹೇಳಿದರು.

"ಎಂಥ ಅಂಟು ಮೇಡಂ?" ಎಂದು ಅಪ್ಪ ಕೇಳಿದ.

ಡಾಕ್ಟರಿಗೆ ಅರ್ಥವಾಗಲಿಲ್ಲ.

"ಇಲ್ಲ, ಗಟ್ಟಿ ಇರತ್ತಾ ಅಂತ. ಮಳೆಗಾಲದಲ್ಲಿ ಕೆಲವು ಅಂಟು ಬಿಟ್ಕೊಳತ್ತೆ. ನಾನು ಪತ್ರಿಕೆ ಅಂಗಡೀಲಿ ಕೆಲ್ಸ ಮಾಡೋದು."

ಅದುವರೆಗೆ ಯಾವ ಜಗಳದಲ್ಲೂ ಬಾಯಿ ಬಿಡದ ಅಪ್ಪ ಅಷ್ಟು ಮಾತಾಡಿದ್ದೇ ಹೆಚ್ಚು. ಡಾಕ್ಟರು ನಗಲಿಲ್ಲ. "ಗಟ್ಟಿ ಇರತ್ತೆ. ಬಿಡದ ಹಾಗೆ ಹಾಕ್ತೀವಿ," ಎಂದರು. ಅಪ್ಪ ಕಾರಿಡಾರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತನೆಂದು ಅಮ್ಮ ಆಮೇಲೆ ಹೇಳಿದಳು.

ಅಂಟು ಹಾಕಿದ್ದೂ ಆಯಿತು, ಉಳಿದದ್ದಕ್ಕೆ ಬೆನ್ನು ತೆರೆದದ್ದೂ ಆಯಿತು. ಅಲ್ಲಿದ್ದ ವಾರಗಳಲ್ಲಿ ನನ್ನ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಬೆನ್ನಿಗೆ ಪೌಡರ್ ಹಾಕುವುದು ಎಲ್ಲ ಅಮ್ಮನೇ. ಯಾರೂ ಅವಳಿಗೆ ಅಪ್ಪಣೆ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅಜ್ಜಿ ದಿನಾ ಡಬ್ಬಿಯಲ್ಲಿ ಮೆಣಸಿನ ಸಾರು ಅನ್ನ ತರುತ್ತಿದ್ದಳು, ಮಂಚದ ಕಾಲ ಬಳಿ ಕೂತು ನನ್ನ ಪಾದ ತಿಕ್ಕುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಬಳೆ ನನ್ನ ಬಲಗಾಲಿಗೆ ತಣ್ಣಗೆ ತಗುಲಿತು. "ಅಜ್ಜೀ, ಬಳೆ ತಣ್ಣಗಿದೆ!" ಎಂದು ನಾನು ಕೂಗಿದಾಗ ಇಡೀ ವಾರ್ಡು ತಿರುಗಿ ನೋಡಿತು. ಅಜ್ಜಿ ನನ್ನ ಪಾದವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಎರಡು ಕಂಬಿಗಳ ನಡುವೆ ನಡೆಯುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಬಲಗಾಲು ಪೂರ್ತಿ ಬಂತು. ಎಡಗಾಲು ಅರ್ಧ ದಾರಿಗೆ ಬಂದು ನಿಂತುಕೊಂಡಿತು. ಇವತ್ತಿಗೂ ಅದು ತನ್ನ ಪಾಡಿಗೆ ಸ್ವಲ್ಪ ಎಳೆದುಕೊಂಡೇ ಬರುತ್ತದೆ, ನನಗೂ ಅದಕ್ಕೂ ಈಗ ಜಗಳವಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಔಷಧಿ, ವ್ಯಾಯಾಮ ಎಲ್ಲ ಹೇಳಿದರು. ಏನಾದರೂ ಕೇಳುವುದಿದೆಯಾ ಎಂದಾಗ ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಇದು ನಾನು ಮುಟ್ಕೊಂಡಿದ್ದಕ್ಕೆ ಬಂತಾ? ನಮ್ಮತ್ತೆ ಮುಂದೆ ಹೇಳಿ ಡಾಕ್ಟ್ರೇ. ಹೌದಾದ್ರೆ ಹೌದು ಅನ್ನಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲ," ಎಂದರು. "ಮಗು ಹೊಟ್ಟೇಲಿ ಇನ್ನೂ ಹುರುಳಿಕಾಳಿನಷ್ಟು ಇರೋವಾಗ, ನೀವು ಬಸುರಿ ಅನ್ನೋದು ನಿಮಗೇ ಸರಿಯಾಗಿ ಗೊತ್ತಾಗೋ ಮುಂಚೆ, ಬೆನ್ನಿನ ಆ ಭಾಗದ ಚರ್ಮಕ್ಕೂ ಒಳಗಿನ ಹುರಿಗೂ ರಕ್ತನಾಳ ಒಂದೇ ಕಡೆಯಿಂದ ಕವಲು ಒಡೆಯತ್ತೆ. ಆ ಕವಲಲ್ಲೇ ಹೆಚ್ಚುಕಮ್ಮಿ ಆಗಿದೆ. ಅದಕ್ಕೇ ಹೊರಗೆ ಮಚ್ಚೆ, ಒಳಗೆ ಈ ಸಿಕ್ಕು. ಎಲ್ಲ ಮಚ್ಚೆಗೂ ಹೀಗಿರಲ್ಲ, ತುಂಬ ಅಪರೂಪ ಇದು. ಏಳನೇ ತಿಂಗಳಲ್ಲಿ ನೀವೇನೇ ಮಾಡಿದ್ರೂ, ಮಾಡದೆ ಇದ್ರೂ, ಇದು ಆಗ್ಲೇ ಆಗಿಹೋಗಿತ್ತು."

ಅಮ್ಮನಿಗಿಂತ ಮೊದಲು ಮಾತಾಡಿದವಳು ಅಜ್ಜಿ.

"ಭಾರ ಎತ್ತಿದ್ರೆ?"

"ಏನಂದ್ರಿ ಅಮ್ಮ?"

"ಬಸುರೀಲಿ ಭಾರ ಎತ್ತಿದ್ರೆ, ಅದ್ರಿಂದ ಬಂದಿರ್ಬಹುದಾ?" ಅಜ್ಜಿಯ ದನಿ ನನಗೆ ಗುರುತೇ ಸಿಗಲಿಲ್ಲ. "ಗ್ರಹಣ ಬಿಟ್ಟ ಮೇಲೆ ಮನೆಯೆಲ್ಲ ತೊಳೀಬೇಕಲ್ಲ, ನೀರು ಸಾಲಲ್ಲ ಅಂತ, ಗ್ರಹಣ ಹಿಡಿಯೋ ಮುಂಚೆ, ಬೆಳಗ್ಗೆ ಬೀದಿ ನಲ್ಲಿಯಿಂದ ಇವಳ ಕೈಲೇ ಕೊಡ ಹೊರಿಸ್ದೆ. ಹಂಡೆ ತುಂಬೋ ತನಕ. ಸೊಂಟ ನೋಯತ್ತೆ ಅತ್ತೆ ಅಂದ್ಲು. ಇನ್ನೊಂದೇ ಕೊಡ ಅಂದೆ. ಅದಕ್ಕೇ ಇವಳು ಆಮೇಲೆ ಬೆನ್ನು ಹಿಡ್ಕೊಂಡಿದ್ದು. ನಂಗೊತ್ತಿತ್ತು."

"ಅದ್ರಿಂದಾನೂ ಅಲ್ಲ," ಎಂದರು ಡಾಕ್ಟರು. "ಇದು ಯಾರ ತಪ್ಪೂ ಅಲ್ಲ ಅಮ್ಮ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷ ಅವಳು ಅಮ್ಮನ ಕೈಯನ್ನು ಬೈದದ್ದೆಲ್ಲ ತನ್ನ ಬಾಯಿಯ ಆ 'ಇನ್ನೊಂದೇ ಕೊಡ' ಎಂಬ ಮಾತಿಗೆ ಹೆದರಿ ಎಂದು ನನಗೆ ಆಗ ಹೊಳೆದಿರಲಿಕ್ಕಿಲ್ಲ. ಅವಳ ಬಗ್ಗೆ ಕನಿಕರವಂತೂ ಆಯಿತು, ಈಗ ಬರೆಯುವಾಗಲೂ ಆಗುತ್ತಿದೆ. ಅಮ್ಮ ಅವಳನ್ನು ಸಮಾಧಾನ ಮಾಡುತ್ತಾಳೆಂದು ಅಪ್ಪ ಕಾದ, ನಾನೂ ಕಾದೆ. ನಮ್ಮ ಮನೆಯಲ್ಲಿ ಯಾರು ಅತ್ತರೂ ಸಮಾಧಾನ ಮಾಡುವವಳು ಅವಳೇ ಆಗಿದ್ದಳು.

"ನಿಮ್ಮ ಎದೆಯ ಭಾರ ಒಂದೇ ಮಾತಿಗೆ ಇಳೀತು ಅತ್ತೆ," ಎಂದಳು ಅಮ್ಮ. "ಇಷ್ಟು ವರ್ಷ ನನ್ನ ತಲೆ ಮೇಲೆ ಇಟ್ಟಿದ್ರಲ್ಲ. ಗೊತ್ತಿದ್ದೂ ಇಟ್ಟಿದ್ರಲ್ಲ."

ದನಿ ಏರಿಸಲಿಲ್ಲ. ಎದ್ದು ಡಾಕ್ಟರಿಗೆ ಕೈ ಮುಗಿದು ಹೊರಗೆ ನಡೆದಳು. ನಾವು ಮೂವರೂ ಹಿಂದೆ ಹೊರಟೆವು. ಆದರೆ ನನ್ನ ಕಾಲು, ಅಜ್ಜಿಯ ಮಂಡಿ, ಅಪ್ಪನ ಕೈಯಲ್ಲಿದ್ದ ಗಂಟುಮೂಟೆ ಎಲ್ಲ ಸೇರಿ ನಾವು ಗೇಟಿನ ಹತ್ತಿರದ ಕಲ್ಲುಬೆಂಚು ಮುಟ್ಟುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು. ಎದುರಿಗೆ ನಿಂತುಕೊಂಡೇ ತಿನ್ನುವ ಸಣ್ಣ ಹೋಟೆಲು. ಅಮ್ಮ ಕೌಂಟರಿನ ಮುಂದೆ ನಿಂತಳು, ಲೋಟ ತೆಗೆದುಕೊಂಡಳು, ಬೀದಿಯ ಕಡೆ ಬೆನ್ನು ಮಾಡಿ ಕುಡಿಯತೊಡಗಿದಳು. ಅಮ್ಮ ಒಬ್ಬಳೇ ಹೋಟೆಲಿಗೆ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮನ್ನು ಬಿಟ್ಟು ಏನಾದರೂ ತಿಂದದ್ದನ್ನೂ, ಕುಡಿದದ್ದನ್ನೂ ಕಂಡಿರಲಿಲ್ಲ. ನನಗೆ ಅಳು ಬರಬೇಕಿತ್ತೇನೋ. ಬರಲಿಲ್ಲ, ಸಂತೋಷವಾಯಿತು.

ಅಪ್ಪ ಗಾಬರಿಯಿಂದ ಮುಂದೆ ಹೆಜ್ಜೆಯಿಟ್ಟ. "ಕರ್ಕೊಂಡ್ ಬರ್ತೀನಿ," ಎಂದ.

ಅಜ್ಜಿ ಅವನ ಶರಟಿನ ಚುಂಗು ಹಿಡಿದು ಕೂರಿಸಿದಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. "ಕೂತ್ಕೊಳೋ ಸೀನ. ಒಂದು ಲೋಟ ಕಾಫಿಗೂ ನಮ್ಮನ್ನ ಕೇಳ್ಬೇಕಾ ಅವಳು?"

ನಾವು ಕೂತೆವು. ಬಿಸಿಲು ಬೆಂಚಿನ ಮೇಲೆ ಬಂತು. ಆಟೋದವರು ಬಂದು ಕೇಳಿ ಹೋದರು. ಬಹಳ ಹೊತ್ತಾದ ಮೇಲೆ ಅಮ್ಮ ಎರಡೂ ಕಡೆ ನೋಡಿಕೊಂಡು, ಅವಸರವಿಲ್ಲದೆ ರಸ್ತೆ ದಾಟಿ ಬಂದಳು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ನಮ್ಮ ಮುಂದೆ ನಿಂತಳು.

"ಎರಡು ಲೋಟ ಕುಡಿದೆ," ಎಂದಳು, ಯಾರೂ ಕೇಳದಿದ್ದರೂ.